ಗೋಣಿಚೀಲದವನು

ಹಿತಾ ಎದುರು ಮನೆಗೆ ಹೋಗುವುದಿಲ್ಲವೆಂದು ಹಠ ಹಿಡಿದದ್ದು ಒಂದು ಶನಿವಾರ ಮಧ್ಯಾಹ್ನ. ಹಠವೆಂದರೆ ಅಂಥಿಂಥ ಹಠವಲ್ಲ. ಎರಡು ಬಾಗಿಲುಗಳ ನಡುವಿನ ನೆಲದ ಮೇಲೆ ಕೂತವಳು ಕೂತೇಬಿಟ್ಟಳು. ಎತ್ತಲು ಹೋದರೆ ಕೈಕಾಲು ಬಡಿದಳು. ಅಷ್ಟರಲ್ಲಿ ಲಿಫ್ಟಿನಿಂದ ಇಳಿದ ನಿಯಾಝ್, ಭುಜದ ಮೇಲಿದ್ದ ಬಟ್ಟೆಯ ಚೀಲವನ್ನು ಸರಿಮಾಡಿಕೊಳ್ಳುತ್ತಾ "ಎಂತ ಹಿತಾ ಮೇಡಂ, ಇವತ್ತು ಸ್ಟ್ರೈಕಾ?" ಅಂದದ್ದೇ ತಡ, ಮಗು ಚಿಟ್ಟನೆ ಚೀರಿ ತಾಯಿಯ ಕಾಲು ತಬ್ಬಿಕೊಂಡಿತು. ಆ ಚೀರಾಟಕ್ಕೆ ಪಕ್ಕದ ಫ್ಲಾಟಿನವರೂ ಬಾಗಿಲು ತೆರೆದು ನೋಡಿದರು.

ಸುಪ್ರೀತಾಳಿಗೆ ನಾಚಿಕೆಯಾಯಿತು. ಗಲ್ಫಿಗೆ ಬಂದು ಖಾಲಿದಿಯಾ ಬಡಾವಣೆಯ ಈ ಕಟ್ಟಡ ಸೇರಿದಾಗಿನಿಂದ ಎದುರು ಮನೆ ಹಿತಾಳಿಗೆ ಇನ್ನೊಂದು ಮನೆಯೇ. ಬಂಟ್ವಾಳದ ಜುಮಾನಾ, ಅವಳ ಗಂಡ ನಿಯಾಝ್, ಇಬ್ಬರೇ. ಮದುವೆಯಾಗಿ ಏಳು ವರ್ಷವಾದರೂ ಅವರಿಗೆ ಮಕ್ಕಳಿಲ್ಲ. ಸುಪ್ರೀತಾ ಆಫೀಸಿನಿಂದ ಬರುವವರೆಗೆ ಹಿತಾ ಜುಮಾನಾಳ ಹತ್ತಿರ ಇರುವುದು ಮೊದಲಿನಿಂದ ನಡೆದುಬಂದದ್ದು. ಮೈಸೂರಿನಿಂದ ಸುಪ್ರೀತಾಳ ತಾಯಿ ಅಂಬುಜಮ್ಮ ವಿಸಿಟ್ ವೀಸಾದಲ್ಲಿ ಬಂದ ಮೇಲೂ ಅದು ತಪ್ಪಿರಲಿಲ್ಲ. ಮೊಮ್ಮಗಳಿಗೆ ಊಟ ಮಾಡಿಸಿ, ಎದುರು ಮನೆಗೆ ದಾಟಿಸಿ, ಆಕೆ ತಮ್ಮ ಮಧ್ಯಾಹ್ನದ ನಿದ್ದೆಗೆ ಜಾರುತ್ತಿದ್ದರು. ನಿಯಾಝ್ ಕೆಳಗಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವನು. ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಮನೆಮನೆಯಿಂದ ಬಟ್ಟೆ ಎತ್ತಿಕೊಂಡು, ಊಟಕ್ಕೆ ಮನೆಗೆ ಬಂದು, ಸಂಜೆ ಮತ್ತೆ ಇಳಿಯುತ್ತಿದ್ದ. ಹಿತಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತಿಸುತ್ತಿದ್ದ. ಅಂಥವನನ್ನು ಕಂಡು ಈ ಹುಡುಗಿ ಹೀಗೆ ಕಿರುಚಿದರೆ?

ಆ ಸಂಜೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದಳು. "ಏನಾಯ್ತು ಪುಟ್ಟಿ? ನಿಯಾಝ್ ಅಂಕಲ್ ಬೈದ್ರಾ?"

"ನೋ."

"ಮತ್ತೆ?"

"ಅಂಕಲ್ ನನ್ನನ್ನ ಎತ್ಕೊಂಡು ಹೋಗ್ತಾರೆ."

"ಎತ್ಕೊಂಡು ಎಲ್ಲಿಗೆ?"

ಹಿತಾ ಬಾಯಿಗೆ ಬೆರಳಿಟ್ಟುಕೊಂಡಳು. "ಹೇಳಬಾರ್ದು. ಇಟ್ಸ್ ಎ ಸೀಕ್ರೆಟ್. ಅಮ್ಮಂಗೆ ಹೇಳ್ಲೇಬಾರ್ದು."

ಹೆಣ್ಣುಮಗುವನ್ನು ಹೆತ್ತ ಯಾವ ತಾಯಿಗೆ ಬೇಕಾದರೂ ಆ ಮಾತನ್ನು ಕೇಳಿಸಿ ನೋಡಿ, ಅವಳ ಯೋಚನೆ ಒಂದೇ ಕಡೆಗೆ ಓಡುತ್ತದೆ. ಯಾರು ಹೇಳಬಾರದು ಅಂದದ್ದು ಎಂದು ಎಷ್ಟು ರಮಿಸಿ ಕೇಳಿದರೂ ಹಿತಾ ತುಟಿ ಬಿಚ್ಚಲಿಲ್ಲ. ಸುಪ್ರೀತಾ ಸ್ನಾನ ಮಾಡಿಸುವ ನೆಪದಲ್ಲಿ ಮಗುವಿನ ಮೈಯೆಲ್ಲ ನೋಡಿದಳು. ಒಂದು ಗೀರೂ ಇರಲಿಲ್ಲ. ಇಲ್ಲವೆಂದು ಸಮಾಧಾನವಾಯಿತೇ? ಎಲ್ಲಿಯ ಸಮಾಧಾನ! ಇಂಥದ್ದೆಲ್ಲ ಗೀರು ಬೀಳದಂತೆಯೇ ನಡೆಯುತ್ತದೆ ಎಂದು ಎಲ್ಲೆಲ್ಲಿ ಓದಿದ್ದಳೋ ಅದೆಲ್ಲ ನೆನಪಿಗೆ ಬಂತು.

ಗಂಡ ನಿಶಾಂತ್ ಪ್ರಾಜೆಕ್ಟಿನ ಕೆಲಸದ ಮೇಲೆ ಮಸ್ಕತ್‌ನಲ್ಲಿದ್ದ. ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು, ಅಮ್ಮನಿಗೆ ಕೇಳಿಸದ ಹಾಗೆ, ಅವನಿಗೆ ಫೋನಿನಲ್ಲಿ ಹೇಳಿದಳು. ಅವನು "ಮಗೂನ ಅಲ್ಲಿಗೆ ಕಳಿಸ್ಬೇಡ. ಮುಂದಿನ ಭಾನುವಾರ ಬರ್ತೀನಿ. ಬಂದ ದಿನವೇ ಪೊಲೀಸ್ ಸ್ಟೇಷನ್‌ಗೆ ಹೋಗೋಣ" ಅಂದ. ಈ ದೇಶದಲ್ಲಿ ಅಂಥ ದೂರು ಹೋದರೆ ನಿಯಾಝನ ಗತಿ ಏನೆಂದು ಇಬ್ಬರಿಗೂ ಗೊತ್ತಿತ್ತು. ಕೆಲಸ, ವೀಸಾ, ಮಾನ, ಎಲ್ಲ ಖಲಾಸ್. ಆದರೂ ಸುಪ್ರೀತಾ "ಹೂಂ" ಅಂದಳು. ಅಮ್ಮನಿಗೆ ಇದನ್ನೆಲ್ಲ ಹೇಳಿದರೆ ರಕ್ತದೊತ್ತಡ ಏರಿ ಮಲಗಿಬಿಡುತ್ತಾರೆಂದು, "ಇನ್ಮೇಲೆ ಮಧ್ಯಾಹ್ನ ನೀನೇ ನೋಡ್ಕೊಮ್ಮ" ಎಂದಷ್ಟೇ ಹೇಳಿದಳು. ಅಂಬುಜಮ್ಮ ಖುಷಿಯಿಂದಲೇ ಒಪ್ಪಿದರು.

ಭಾನುವಾರದವರೆಗೆ ಸುಮ್ಮನಿರುವುದು ಆಗಬೇಕಲ್ಲ. ಸೋಮವಾರ ಸಂಜೆ ಜುಮಾನಾಳೇ ಬಂದು ಬೆಲ್ ಒತ್ತಿದಳು. ಕೈಯಲ್ಲಿ ಹಿತಾಳ ಬಣ್ಣದ ಪೆನ್ಸಿಲ್ ಡಬ್ಬಿ. "ಎಂತ ಸುಪ್ರೀತಕ್ಕ, ಮಗುವನ್ನು ಕಳಿಸಲೇ ಇಲ್ಲ? ಜ್ವರ ಗಿರ ಉಂಟಾ? ಇವರು ಮೂರು ಸಲ ಕೇಳಿದ್ರು, ಹಿತಾ ಎಲ್ಲಿ ಹಿತಾ ಎಲ್ಲಿ ಅಂತ."

ಮೂರು ಸಲ ಕೇಳಿದನಂತೆ! ಸುಪ್ರೀತಾ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಹೇಗೆ ಹೇಳಬೇಕೆಂದು ಯೋಚಿಸಿಟ್ಟುಕೊಂಡ ಮಾತುಗಳೆಲ್ಲ ಕೈಕೊಟ್ಟವು. "ಜುಮಾನಾ, ತಪ್ಪು ತಿಳ್ಕೋಬೇಡ. ನಿಯಾಝ್ ಮತ್ತೆ ಹಿತಾ, ಇಬ್ಬರೇ ಯಾವಾಗಾದ್ರೂ ಒಳಗೆ ಇರ್ತಾರಾ? ನೀನು ಸ್ನಾನಕ್ಕೆ ಹೋದಾಗ, ಅಂಗಡಿಗೆ ಹೋದಾಗ..."

"ಇರ್ತಾರೆ. ಯಾಕೆ?" ಅಂದಳು ಜುಮಾನಾ. ಅಂದವಳ ಮುಖ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು. "ಯಾಕೆ ಸುಪ್ರೀತಕ್ಕ? ಎಂತ ಕೇಳ್ತಾ ಇದ್ದೀರಿ ನೀವು?"

"ಮಗು ಹೆದರಿಕೊಂಡಿದೆ. ಅವರು ಎತ್ಕೊಂಡು ಹೋಗ್ತಾರೆ ಅಂತಾಳೆ. ಅಮ್ಮಂಗೆ ಹೇಳಬಾರ್ದು ಅಂತಾಳೆ."

ಜುಮಾನಾ ಜಗಳವಾಡಲಿಲ್ಲ, ಅಳಲಿಲ್ಲ. ಪೆನ್ಸಿಲ್ ಡಬ್ಬಿಯನ್ನು ಸುಪ್ರೀತಾಳ ಕೈಗೆ ಕೊಟ್ಟು, ತನ್ನ ಮನೆಯ ಬಾಗಿಲು ಹಾಕಿಕೊಂಡಳು.

ಅದಾದ ಮಾರನೆಯ ದಿನದಿಂದಲೇ ಬಟ್ಟೆ ಎತ್ತಲು ಬೇರೆ ಯಾರೋ ಒಬ್ಬ ಬರತೊಡಗಿದ. ನಿಯಾಝ್ ಎಲ್ಲೂ ಕಾಣಲಿಲ್ಲ, ಲಾಂಡ್ರಿಯಲ್ಲೂ ಇಲ್ಲ, ಲಿಫ್ಟಿನಲ್ಲೂ ಇಲ್ಲ. ಸುಪ್ರೀತಾಳಿಗೆ ಒಂದು ಕಡೆ ನಿರಾಳವಾಯಿತು, ಇನ್ನೊಂದು ಕಡೆ ಅನುಮಾನ ಇನ್ನಷ್ಟು ಬಲವಾಯಿತು. ತಪ್ಪು ಮಾಡದವನು ಯಾಕೆ ಓಡಬೇಕು? ನಿಶಾಂತನಿಗೆ ಮೆಸೇಜು ಹಾಕಿದಳು. ಅವನೂ ಅದನ್ನೇ ಕೇಳಿದ.

ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ ಸುಪ್ರೀತಾ ಎಚ್‌ಆರ್ ವಿಭಾಗದಲ್ಲಿದ್ದಳು. ನಲವತ್ತು ದೇಶದವರು ಒಂದೇ ಸೂರಿನಡಿ ದುಡಿಯುವಾಗ ಒಬ್ಬರನ್ನೊಬ್ಬರು ಹೇಗೆ ನೋಡಬೇಕು, ಯಾರ ಬಗ್ಗೆ ಏನು ಆಡಬಾರದು ಎಂದು ಎಲ್ಲರಿಗೂ ಪಾಠ ಹೇಳುವುದು ಅವಳ ಕೆಲಸ. ಆ ವಾರವೂ ಹೇಳಿದಳು. ಪರದೆಯ ಮೇಲೆ ಕಪ್ಪು, ಬಿಳಿ, ಕಂದು ಮುಖಗಳು ಸಾಲಾಗಿ ನಗುತ್ತಿದ್ದವು. ಪಾಠ ಮುಗಿದ ಮೇಲೆ ಅಕೌಂಟ್ಸಿನ ಗೇಬ್ರಿಯಲ್ ಹತ್ತಿರ ಬಂದ. ಮನಿಲಾದವನು, ಯಾವಾಗಲೂ ಹಸನ್ಮುಖಿ.

"ಮ್ಯಾಮ್ ಸುಪ್ರೀತಾ, ಶನಿವಾರ ಮಧ್ಯಾಹ್ನ ನಮ್ಮ ಸಂಘದವರು ಒಂದು ಸಿನಿಮಾ ತೋರಿಸ್ತಿದ್ದೇವೆ. ನಮ್ಮ ಕೊಳೆಗೇರಿಯ ಕತೆ. ಅದರಲ್ಲಿ ನಿಮ್ಮವರೂ ಒಬ್ಬರಿದ್ದಾರೆ. ಸಿನಿಮಾ ಆದ ಮೇಲೆ ನೀವು ನಾಲ್ಕು ಮಾತು ಆಡಬೇಕು. ಫ್ಯಾಮಿಲಿ ಕರೆದುಕೊಂಡು ಬನ್ನಿ."

ಫಿಲಿಪೀನ್ಸಿನ ಸಿನಿಮಾದಲ್ಲಿ ನಮ್ಮವರು! ಸುಪ್ರೀತಾಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಮನೆಯಲ್ಲಿ ಕೂತು ಎದುರು ಬಾಗಿಲನ್ನೇ ನೋಡುವುದರ ಬದಲು ಹೋಗುವುದೇ ಮೇಲೆನಿಸಿ, ಅಮ್ಮನನ್ನೂ ಮಗಳನ್ನೂ ಹೊರಡಿಸಿಕೊಂಡು ಹೋದಳು.

ಬಾಡಿಗೆಯ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ತುಂಬಿ ತುಳುಕುವ ಜನ. ದೀಪ ಆರಿತು. ಗಬ್ಬು ನಾರುವ ಕಾಲುವೆಯ ಮೇಲೆ ಕಂಬ ನೆಟ್ಟು ಕಟ್ಟಿದ ತಗಡಿನ ಗೂಡುಗಳು, ಒಂದೊಂದರಲ್ಲೂ ಏಳೆಂಟು ಜನ. ಹೋಟೆಲಿನವರು ಎಸೆದ ಕೋಳಿಯ ತುಂಡುಗಳನ್ನು ಆಯ್ದು ತಂದು, ತೊಳೆದು, ಮತ್ತೆ ಹುರಿದು ಮಾರುವ ಹೆಂಗಸೊಬ್ಬಳು. "ಶಿವ ಶಿವಾ, ಹೀಗೂ ಬದುಕ್ತಾರಾ?" ಎಂದು ಅಂಬುಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆ ಹೆಂಗಸಿಗೆ ಹಿತಾಳ ವಯಸ್ಸಿನ ಮಗಳು. ಮಗಳು ಅನ್ನ ಉಗುಳುತ್ತಾಳೆ. ತಾಯಿ ತಟ್ಟೆ ಹಿಡಿದುಕೊಂಡು ಕಿಟಕಿಯ ಕಡೆ ಬೆರಳು ತೋರಿಸುತ್ತಾಳೆ. ಕೆಳಗೆ ಹಲಗೆಯ ದಾರಿಯಲ್ಲಿ ಒಬ್ಬ ಬರುತ್ತಿದ್ದಾನೆ. ತಲೆಗೆ ಮುಂಡಾಸು, ಅಂಟಿಸಿದ ಗಡ್ಡ, ಮಸಿ ಬಳಿದಷ್ಟು ಕಪ್ಪು ಮುಖ, ಬೆನ್ನ ಮೇಲೆ ದೊಡ್ಡ ಗೋಣಿಚೀಲ. ಕೆಳಗೆ ಇಂಗ್ಲಿಷ್ ಸಾಲು ಓಡಿತು: ಉಣ್ಣದಿದ್ದರೆ ಬುಂಬಾಯ್ ಬರುತ್ತಾನೆ, ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ಸಭಾಂಗಣದ ತುಂಬ ನಗು. ಎಲ್ಲರಿಗೂ ಅವರವರ ಅಮ್ಮ ನೆನಪಾಗಿರಬೇಕು.

ಬುಂಬಾಯ್ ಎಂದರೆ ಇವರ ಬಾಯಲ್ಲಿ ಇಂಡಿಯಾದವನು. ಸುಪ್ರೀತಾಳಿಗೆ ಅದು ಗೊತ್ತಿತ್ತು. ಮೈಯೆಲ್ಲ ಉರಿದುಹೋಯಿತು. "ನೋಡಮ್ಮ, ನಮ್ಮನ್ನ ಹೇಗೆ ಮಾಡಿಟ್ಟಿದ್ದಾರೆ! ಮಕ್ಕಳ ಕಳ್ಳರಂತೆ ನಾವು! ಆ ನಟ ಇಂಡಿಯಾದವನೂ ಅಲ್ಲ, ಇವರವನೇ ಒಬ್ಬನಿಗೆ ಬಣ್ಣ ಬಳಿದು ನಿಲ್ಲಿಸಿದ್ದಾರೆ."

"ನಮ್ಮನ್ನಾ?" ಅಂಬುಜಮ್ಮ ಹೌಹಾರಿದರು. "ಅಯ್ಯೋ ಇವರ ಮನೆ ಹಾಳಾಗ! ಯಾರ ತಂಟೆಗೂ ಹೋಗದ ಜನ ಕಣೇ ನಾವು. ಸುಮ್ನೆ ಬಿಡಬೇಡ, ಕೇಳೇ ಕೇಳು."

ಕೇಳಿಯೇ ಕೇಳುತ್ತೇನೆ ಎಂದು ಸುಪ್ರೀತಾ ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸತೊಡಗಿದಳು. ಇಡೀ ಜನಾಂಗಕ್ಕೆ ಹೀಗೆ ಮಸಿ ಬಳಿಯಲು ನಿಮಗೆ ಯಾವ ಹಕ್ಕಿದೆ? ನಿಮ್ಮ ಮಕ್ಕಳು ಇದನ್ನು ನೋಡಿ ನಮ್ಮ ಬಗ್ಗೆ ಏನು ಕಲಿಯಬೇಕು? ವಾಕ್ಯಗಳು ಚೆನ್ನಾಗಿಯೇ ಬರುತ್ತಿದ್ದವು. ಪಕ್ಕದಲ್ಲಿ ಹಿತಾ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು, ಎವೆ ಬಡಿಯದೆ ಪರದೆ ನೋಡುತ್ತಿದ್ದುದನ್ನು ಅವಳು ಗಮನಿಸಲಿಲ್ಲ.

ಕತೆ ಮುಂದಕ್ಕೆ ಹೋಯಿತು. ಕೊಳೆಗೇರಿಗೆ ಬೆಂಕಿ ಬಿತ್ತು. ಹಲಗೆ, ತಗಡು, ಹೊಗೆ, ಓಡುವ ಜನ. ಗೂಡಿನಲ್ಲಿ ಆ ಹುಡುಗಿ ಒಬ್ಬಳೇ. ಬಾಗಿಲಲ್ಲಿ ಅದೇ ಮನುಷ್ಯ ಬಂದು ನಿಂತ. ಆದರೆ ಈಗ ಅವನ ಮುಖದಲ್ಲಿ ಮಸಿಯಿರಲಿಲ್ಲ, ಗಡ್ಡ ಅಂಟಿಸಿದ್ದಲ್ಲ. ಈ ಸಲ ನಟನೇ ಬೇರೆ, ನಿಜವಾಗಿ ಇಂಡಿಯಾದವನು. ಮೈಸೂರಿನ ಬೀದಿಯಲ್ಲೋ, ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲೋ ಕಾಣಸಿಗುವಂಥ ಮಾಮೂಲಿ ಮುಖ. ಇಷ್ಟು ಹೊತ್ತು ತೋರಿಸಿದ್ದು ಹುಡುಗಿ ಕಂಡ ಮುಖವನ್ನು ಎಂದು ಸುಪ್ರೀತಾಳಿಗೆ ಆಗ ಹೊಳೆಯಿತು. ಅವನು ಚೀಲ ಬಿಸಾಡಿ ಎರಡೂ ಕೈ ಚಾಚಿದ. ಬಾ ಮಗು, ಬಾ. ಹುಡುಗಿ ಅವನ ಕೈ ನೋಡಿದಳು, ನೆಲದ ಮೇಲೆ ಬಿದ್ದ ಚೀಲ ನೋಡಿದಳು. ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಹೊಗೆಯೊಳಗೆ ಹೋದಳು.

ಪರದೆ ಕಪ್ಪಾಯಿತು. ದೀಪ ಹೊತ್ತುವ ಮೊದಲೇ ಹಿತಾ ಗಟ್ಟಿಯಾಗಿ ಹೇಳಿದಳು.

"ನಾನೂ ಹೋಗಲ್ಲ ಅಮ್ಮಾ! ನಿಯಾಝ್ ಅಂಕಲ್ ಹತ್ರಾನೂ ಬ್ಯಾಗ್ ಇದೆ. ಅವ್ರೂ ಮಕ್ಕಳನ್ನ ಹಾಕ್ಕೊಂಡು ಹೋಗ್ತಾರೆ."

ಸುಪ್ರೀತಾಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವೆಂದು ಅವಳ ಜೀವ ಒದ್ದಾಡಿತು. "ಯಾರು ಹೇಳಿದ್ದು ನಿನಗೆ?" ಅಂದಳು.

ಹಿತಾ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಈಗ ಹೇಳ್ಬಹುದಾ?"

ಅಂಬುಜಮ್ಮ ಮಿಕಮಿಕ ನೋಡಿದರು. "ಅಯ್ಯೋ, ಅದೇನು ಮಹಾ! ಒಂದು ತುತ್ತು ಉಣ್ತಿರಲಿಲ್ಲ ಕಣೇ ಇದು. ಸಾಬಿ ಬರ್ತಾನೆ, ಗೋಣಿಚೀಲದಲ್ಲಿ ತುಂಬ್ಕೊಂಡು ಹೋಗ್ತಾನೆ ಅಂದೆ. ಅದೇ ಹೊತ್ತಿಗೆ ಆ ಹುಡುಗ ಕೆಳಗೆ ಬಟ್ಟೆ ಚೀಲ ಹೊತ್ಕೊಂಡು ಹೋಗ್ತಿದ್ದ, ಕಿಟಕೀಲಿ ತೋರಿಸ್ದೆ. ಗಬಗಬ ಅಂತ ಉಂಡ್ಲು. ನಿಂಗೂ ಹಂಗೇ ಹೇಳಿ ಉಣ್ಸಿಲ್ವಾ ನಾನು? ನೀನು ಬೈತೀಯಾಂತ, ಅಮ್ಮಂಗೆ ಹೇಳ್ಬೇಡ ಅಂದಿದ್ದೆ, ಅಷ್ಟೆ."

ದೀಪಗಳು ಹೊತ್ತಿಕೊಂಡವು. ಚಪ್ಪಾಳೆ. ಗೇಬ್ರಿಯಲ್ ಮೈಕು ಹಿಡಿದು ಸೀದಾ ಇವರ ಸಾಲಿಗೆ ಬಂದ. "ನಮ್ಮ ಅಮ್ಮ ನನಗೂ ಹೀಗೇ ಹೇಳುತ್ತಿದ್ದರು. ಇವತ್ತು ನಮ್ಮ ನಡುವೆ ಒಬ್ಬ ಇಂಡಿಯನ್ ತಾಯಿ ಇದ್ದಾರೆ. ಮ್ಯಾಮ್ ಸುಪ್ರೀತಾ, ಇದನ್ನು ನೋಡಿ ನಿಮಗೆ ಏನನ್ನಿಸಿತು? ಸಿಟ್ಟು ಬಂದಿದ್ದರೂ ಹೇಳಿ."

ನೂರಾರು ಜನ ಇವಳ ಕಡೆ ತಿರುಗಿದರು. ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದಾದರೂ ಬಾಯಿಗೆ ಬಂದಿದ್ದರೆ! ಸುಪ್ರೀತಾ ಮೈಕನ್ನು ಕೈಯಿಂದ ದೂರ ಸರಿಸಿ, ಮಗಳನ್ನು ಎತ್ತಿಕೊಂಡು, ಜನರ ಕಾಲು ತುಳಿಯುತ್ತಾ ಹೊರಗೆ ಬಂದುಬಿಟ್ಟಳು. ಪಾಪ, ಗೇಬ್ರಿಯಲ್ ಅವಳಿಗೆ ಅವಮಾನವಾಯಿತೆಂದೇ ತಿಳಿದಿರಬೇಕು. "ಸಾರಿ ಮ್ಯಾಮ್, ಸಾರಿ ಮ್ಯಾಮ್" ಎನ್ನುತ್ತಾ ಬಾಗಿಲವರೆಗೂ ಹಿಂದೆ ಬಂದ.

ಟ್ಯಾಕ್ಸಿಯಲ್ಲಿ ಅವಳು ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಮಗು ಕಿರುಚಿದ್ದು, ತಾನು ಮೈ ನೋಡಿದ್ದು, ನಿಶಾಂತ ಅಂದದ್ದು, ಜುಮಾನಾಳನ್ನು ನಿಲ್ಲಿಸಿ ಕೇಳಿದ್ದು. ಹೇಳುತ್ತಾ ಹೋದಂತೆ ಅಂಬುಜಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು.

"ಥೂ! ಎಂಥಾ ಮಾತೇ ಅದು!" ಅಂದರು ಕೊನೆಗೆ. "ನಾನೇನೋ ತುತ್ತು ಇಳೀಲಿ ಅಂತ ಒಂದು ಮಾತು ಅಂದೆ. ಎಲ್ಲರ ಮನೇಲೂ ಅನ್ನೋದೇ. ನೀನು ಓದಿದೋಳು, ಹತ್ತು ಜನಕ್ಕೆ ಬುದ್ಧಿ ಹೇಳೋಳು. ಆ ಹುಡುಗನ್ನ ಎರಡು ವರ್ಷದಿಂದ ಕಣ್ಣಾರೆ ನೋಡ್ತಿದ್ದೀಯ. ಅಂಥವನ ಮೇಲೆ ಇಂಥದ್ದು ಹೇಗೆ ಹೊರಿಸಿದ್ಯೇ?"

"ನೀನು ಹೇಳದೇ ಇದ್ದಿದ್ರೆ ನಾನು ಯಾಕಮ್ಮ..."

"ನಾನು ಹೇಳಿದ್ದು ಐದು ವರ್ಷದ ಮಗೂಗೆ. ನಿನ್ನ ವಯಸ್ಸೆಷ್ಟೇ?"

ಸುಪ್ರೀತಾ ಕಿಟಕಿಯ ಕಡೆ ತಿರುಗಿದಳು. ಅದೇ ಕಟ್ಟಡದಲ್ಲಿ ಬೇರೆ ಯಾರಾದರೂ ಆಗಿದ್ದರೆ, ಮೇಲಿನ ಮಹಡಿಯ ಮೈಸೂರಿನವರೇ ಆಗಿದ್ದರೆ, ಮೊದಲ ಯೋಚನೆಯೇ ಅದಾಗುತ್ತಿತ್ತೇ? ಬೇರೇನಾದರೂ ಇರಬಹುದೆಂದು ಒಂದು ದಿನವಾದರೂ ಕಾಯುತ್ತಿರಲಿಲ್ಲವೇ? ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಅವಳನ್ನು ಗಾಬರಿಗೊಳಿಸಿತು. ನಿಶಾಂತನಿಗೆ ಫೋನು ಮಾಡಿ "ಸ್ಟೇಷನ್ನೂ ಬೇಡ, ಏನೂ ಬೇಡ, ಎಲ್ಲ ತಪ್ಪಾಗಿದೆ" ಎಂದು ಹೇಳಿ, ಅವನು ಏನು ಎತ್ತ ಎಂದು ಕೇಳುವ ಮೊದಲೇ ಇಟ್ಟುಬಿಟ್ಟಳು. ದೂರು ಹೋಗಲಿಲ್ಲವಲ್ಲ, ದೊಡ್ಡ ಅನಾಹುತ ತಪ್ಪಿತಲ್ಲ, ಕಾಲಿಗೆ ಬಿದ್ದಾದರೂ ಸರಿಮಾಡಿಕೊಳ್ಳುತ್ತೇನೆ ಅಂದುಕೊಂಡಳು.

ಸಂಜೆಯ ಮಗ್ರಿಬ್ ಬಾಂಗ್ ಮುಗಿಯುವ ಹೊತ್ತಿಗೆ ಮೂವರೂ ಎದುರು ಮನೆಯ ಬಾಗಿಲಲ್ಲಿ ನಿಂತಿದ್ದರು. ಬರಬೇಡವೆಂದರೂ ಅಂಬುಜಮ್ಮ ಕೇಳಿರಲಿಲ್ಲ. ದೊಡ್ಡವಳು ನಾನು, ನನ್ನ ಬಾಯಿಂದಲೇ ಬರಲಿ ಅಂದಿದ್ದರು. ಬಾಗಿಲು ತೆರೆಯಿತು. ಜುಮಾನಾಳ ಕಣ್ಣುಗಳು ಊದಿಕೊಂಡಿದ್ದವು.

ಸುಪ್ರೀತಾ ಒಂದೇ ಉಸಿರಿಗೆ ಹೇಳಿದಳು. ಸಿನಿಮಾ, ಚೀಲ, ಊಟ, ಅಜ್ಜಿಯ ಮಾತು, ಗುಟ್ಟು. ನಡುನಡುವೆ ಅಂಬುಜಮ್ಮ "ಹೌದಮ್ಮ, ನಂದೇ ತಪ್ಪು, ಈ ಹಾಳು ನಾಲಿಗೆ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಜುಮಾನಾ ನಿಂತಲ್ಲೇ ನಿಂತು ಎಲ್ಲ ಕೇಳಿದಳು. ಆಮೇಲೆ ನಿಧಾನವಾಗಿ ಹಿತಾಳ ತಲೆ ಸವರಿದಳು.

"ಹಾಗಾದರೆ ಮಗುವಿಗೆ ಎಂತ ಸಹ ಆಗಲಿಲ್ಲ," ಅಂದಳು. "ಅಲ್‌ಹಮ್ದುಲಿಲ್ಲಾಹ್."

"ನಿಯಾಝ್ ಎಲ್ಲಿ ಜುಮಾನಾ? ಅವರ ಹತ್ರ ನಾನೇ ಮಾತಾಡ್ತೀನಿ. ಕರಿ ಅವರನ್ನ."

"ಅವರಿಲ್ಲ. ಲಾಂಡ್ರಿ ಧಣಿ, ಅರ್ಬಾಬ್ ಹತ್ರ ಹೇಳಿ ದುಬೈ ಬ್ರಾಂಚಿಗೆ ಹಾಕಿಸಿಕೊಂಡ್ರು. ಕರಾಮದಲ್ಲಿ ಯಾರದ್ದೋ ರೂಮಿನಲ್ಲಿ ಬೆಡ್‌ಸ್ಪೇಸ್, ಒಂದು ಮಂಚದಷ್ಟು ಜಾಗ ಅಂತೆ. ಫೋನ್ ತೆಗೀತಾ ಇಲ್ಲ."

"ನನ್ನಿಂದಾಗಿ..." ಸುಪ್ರೀತಾಳಿಗೆ ಅಳು ತಡೆಯಲಾಗಲಿಲ್ಲ. "ನಾನು ಕರಾಮಕ್ಕೇ ಹೋಗ್ತೀನಿ ಜುಮಾನಾ. ನಾಳೆ ಬೆಳಗ್ಗೇನೇ ಹೋಗಿ, ಕಾಲು ಹಿಡಿದು ಕರ್ಕೊಂಡು ಬರ್ತೀನಿ. ನಾನು ಕೇಳಿದ್ದು ತಪ್ಪು ಅಂತ ಹೇಳ್ತೀನಿ."

"ನೀವು ಕೇಳಿದ್ದಕ್ಕೆ ಅವರು ಹೋದದ್ದಲ್ಲ ಸುಪ್ರೀತಕ್ಕ. ನೀವು ಕೇಳಿದ್ದು ನನ್ನ ಹತ್ರ." ಜುಮಾನಾಳ ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟಿದ್ದರೆ ಸುಪ್ರೀತಾ ಹೇಗಾದರೂ ಸಹಿಸಿಕೊಳ್ಳುತ್ತಿದ್ದಳು. "ಆ ದಿನ ಬಾಗಿಲು ಹಾಕಿ ಒಳಗೆ ಹೋದೆನಲ್ಲ. ರಾತ್ರಿ ಅವರು ಬಂದು ಊಟಕ್ಕೆ ಕೂತಿದ್ರು. ಅವರ ಎದುರು ನಿಂತು, ಬಾಯಿ ಬಿಟ್ಟು, ನಾನೂ ಕೇಳಿದೆ. ಹಿತಾಳಿಗೆ ಎಂತ ಮಾಡಿದ್ರಿ ನೀವು ಅಂತ. ಅವರು ಇಲ್ಲ ಅಂತ ಸಹ ಹೇಳಲಿಲ್ಲ. ನನ್ನ ಮುಖವನ್ನೇ ನೋಡಿದ್ರು. ತಟ್ಟೆಯಲ್ಲೇ ಕೈ ತೊಳೆದು, ಎದ್ದು ಹೋದ್ರು."

ಅಂಬುಜಮ್ಮ ಮುಂದೆ ಬಂದು ಅವಳ ಕೈ ಹಿಡಿಯಲು ನೋಡಿದರು. ಜುಮಾನಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಹಿತಾಳಿಗೆ ಅಜ್ಜಿ ಹೇಳಿದ್ರು, ಸರಿ. ನಿಮಗೆ ಹಿತಾ ಹೇಳಿದಳು, ಅದೂ ಸರಿ. ನೀವು ನಾಳೆ ಹೋಗಿ ಅದನ್ನೇ ಹೇಳ್ತೀರಿ, ಅವರು ನಿಮ್ಮನ್ನು ಮಾಫ್ ಸಹ ಮಾಡ್ತಾರೆ. ನನಗೆ ಯಾವ ಅಜ್ಜಿ ಹೇಳಿದ್ದು ಅಂತ ಹೇಳ್ಲಿ ಸುಪ್ರೀತಕ್ಕ? ನಾನು ಅವರ ಹೆಂಡತಿ ಅಲ್ವಾ?"